ಬಿಡುವು ಸಿಕ್ಕಿದ್ದು ಯಾವುದಕ್ಕೆ?

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವೇಷ ಬದಲಿಸಿ ಬದಲಿಸಿ ಬರುತ್ತಲೇ ಇರುತ್ತದೆ. ಕೆಎಎಸ್‌ಗೆ ಓದುತ್ತಿರುವವರು ಒಂದು ಥರ ಕೇಳುತ್ತಾರೆ, ಕೋಡ್ ಬರೆಯುವವರು ಇನ್ನೊಂದು ಥರ, ಮಾರ್ಚ್ ತಿಂಗಳು ಬಂತೆಂದರೆ ಆಡಿಟರ್ ಕಚೇರಿಗಳಲ್ಲಿ ದುಡಿಯುವವರು ಮತ್ತೊಂದು ಥರ. ತಿರುಳು ಒಂದೇ: "ಗಂಟೆಗೊಮ್ಮೆ ಎದ್ದು ಹತ್ತು ನಿಮಿಷ ಬ್ರೇಕ್ ತಗೊಳ್ತೀನಿ ಸಾರ್. ಆದ್ರೂ ವಾಪಸ್ ಬಂದು ಕೂತಾಗ ತಲೆ ಮೊದಲಿಗಿಂತ ಭಾರ. ಯಾಕೆ?"

ಕೇಳುವವರೆಲ್ಲ ಶಿಸ್ತಿನವರೇ. ಬಿಡುವು ತೆಗೆದುಕೊಳ್ಳಬೇಕು ಎಂಬ ಬುದ್ಧಿಮಾತು ಅವರಿಗೆ ಬೇಕಿಲ್ಲ; ಟೈಮರ್ ಇಟ್ಟುಕೊಂಡು ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ. ಎಡವಟ್ಟು ಇರುವುದು ಆ ಹತ್ತು ನಿಮಿಷದ ಒಳಗೆ. ಹಾಗಾಗಿ ಒಂದೇ ಒಂದು ಬಿಡುವನ್ನು ಹತ್ತಿರದಿಂದ ನೋಡುವುದು ವಾಸಿ.

ವೈಟ್‌ಫೀಲ್ಡಿನ ಯಾವುದಾದರೂ ಕಚೇರಿ, ಬೆಳಿಗ್ಗೆ ಹನ್ನೊಂದು ಎಂದಿಟ್ಟುಕೊಳ್ಳಿ. ಒಂಬತ್ತೂವರೆಯಿಂದ ಒಂದೇ ಬಗ್‌ನ ಬೆನ್ನು ಹತ್ತಿರುವ ಎಂಜಿನಿಯರ್ ಒಬ್ಬಳು ಲ್ಯಾಪ್‌ಟಾಪ್ ಲಾಕ್ ಮಾಡಿ ಏಳುತ್ತಾಳೆ. ಕಾಲು ನೆಲಕ್ಕೆ ಊರುವ ಮೊದಲೇ ಕೈ ಮೊಬೈಲಿಗೆ ಹೋಗಿರುತ್ತದೆ. ಪ್ಯಾಂಟ್ರಿಯ ಕಾಫಿ ಮಶೀನು ಲೋಟ ತುಂಬುವಷ್ಟರಲ್ಲಿ ಅಪಾರ್ಟ್‌ಮೆಂಟ್ ಗ್ರೂಪಿನ ಟ್ಯಾಂಕರ್ ನೀರಿನ ಜಗಳ ಓದಿಯಾಯಿತು. ಅಕ್ಕ ಹಾಕಿದ ಮಗುವಿನ ಫೋಟೊಗೆ ಏನಾದರೂ ಬರೆಯದಿದ್ದರೆ ಬೇಜಾರಾಗುತ್ತಾಳೆ, ಬರೆದಾಯಿತು. ನಡುವೆ ಎರಡು ರೀಲ್ಸ್, ಒಂದು ರಾಜೀನಾಮೆಯ ಸುದ್ದಿ, ಕಾರ್ಡಿನ ಬಿಲ್ ಕಟ್ಟಲು ನಾಳೆ ಕೊನೆಯ ದಿನ ಎಂಬ ಎಸ್‌ಎಂಎಸ್. ಕೊನೆಗೆ ಅದೇ ಪರದೆಯ ಮೇಲೆ ಮ್ಯಾನೇಜರ್ ಸಂದೇಶ: ನಾಲ್ಕಕ್ಕೆ ಕಾಲ್ ಇಟ್ಟುಕೊಳ್ಳೋಣವೇ? ಜಾಗಕ್ಕೆ ಮರಳಿದಾಗ ಕಾಫಿ ಅರ್ಧ ಆರಿದೆ. ಕಣ್ಣು ಒಂದಡಿ ದೂರದ ಬೆಳಕಿನಿಂದ ಆಚೆ ಸರಿದೇ ಇಲ್ಲ. ತಲೆ ಓದಿದೆ, ತೂಗಿದೆ, ಉತ್ತರಿಸಿದೆ, ತೀರ್ಮಾನಿಸಿದೆ. ಆ ಹತ್ತು ನಿಮಿಷದಲ್ಲಿ ನಿಜವಾಗಿ ದಣಿವಾರಿಸಿಕೊಂಡಿದ್ದು ಆಕೆಯ ಕುರ್ಚಿ.

ಇದನ್ನು ಪ್ರಯೋಗಕ್ಕೆ ಒಡ್ಡಿದವರೂ ಇದ್ದಾರೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಾಂಗ್‌ಹೂನ್ ಕಾಂಗ್ ಮತ್ತು ಟೆರ್ರಿ ಕರ್ಟ್ಸ್‌ಬರ್ಗ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 414 ವಿದ್ಯಾರ್ಥಿಗಳಿಗೆ ಪದಬಂಧದಂಥ ಒಗಟುಗಳನ್ನು ಕೊಟ್ಟರು: ಚೆಲ್ಲಾಪಿಲ್ಲಿಯಾದ ಅಕ್ಷರಗಳನ್ನು ಜೋಡಿಸಿ ಪದ ಮಾಡಬೇಕು. ಅರ್ಧ ದಾರಿಯಲ್ಲಿ ಬಿಡುವು. ಬಿಡುವಿನಲ್ಲಿ ಮಾಡಬೇಕಾದ್ದು ಎಲ್ಲರಿಗೂ ಒಂದೇ, ಇಷ್ಟು ದುಡ್ಡಿನೊಳಗೆ ಕೆಲವು ಸಾಮಾನುಗಳನ್ನು ಆರಿಸುವುದು. ಕೆಲವರು ಅದನ್ನು ಕಾಗದದ ಮೇಲೆ ಮಾಡಿದರು, ಕೆಲವರು ಕಂಪ್ಯೂಟರಿನಲ್ಲಿ, ಇನ್ನು ಕೆಲವರು ಮೊಬೈಲಿನಲ್ಲಿ. ಒಂದು ಗುಂಪಿಗೆ ಬಿಡುವೇ ಇರಲಿಲ್ಲ. ಮೊಬೈಲ್ ಹಿಡಿದು ಬಿಡುವು ಕಳೆದವರು ಉಳಿದರ್ಧ ಕೆಲಸಕ್ಕೆ ಬೇರೆ ಬಿಡುವಿನವರಿಗಿಂತ ಶೇ 19ರಷ್ಟು ಹೆಚ್ಚು ಸಮಯ ತೆಗೆದುಕೊಂಡರು, ಶೇ 22ರಷ್ಟು ಕಡಿಮೆ ಒಗಟು ಬಿಡಿಸಿದರು. ಬಿಡುವೇ ಇಲ್ಲದವರಿಗೂ ಅವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಮೊಬೈಲನ್ನು ಕಂಡರೆ ಸಾಕು, ಅದರೊಳಗೆ ಕಾದಿರುವ ಎಲ್ಲವೂ ತಲೆಗೆ ಬಂದು ಕೂರುತ್ತವೆ ಎಂಬುದು ಸಂಶೋಧಕರ ಊಹೆ. ವಾಟ್ಸ್‌ಆ್ಯಪ್ ಗ್ರೂಪುಗಳಿಂದ ಹೊರಬರಲಾಗದೆ ಒದ್ದಾಡುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೊಂದು ಹಳೆಯ ವಿವರಣೆ ಇದೆ. ಮನುಷ್ಯನ ಗಮನ ಎರಡು ಬಗೆಯದು ಎಂದು ವಿಲಿಯಂ ಜೇಮ್ಸ್ 19ನೇ ಶತಮಾನದ ಕೊನೆಯಲ್ಲೇ ಬರೆದಿದ್ದ. ಒಂದು, ಬೇಕೆಂದು ಹಿಡಿದು ನಿಲ್ಲಿಸುವ ಗಮನ. ಜಿಎಸ್‌ಟಿ ರಿಟರ್ನ್ ತುಂಬುವಾಗ, ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡುವಾಗ ಬೇಕಾಗುವಂಥದ್ದು. ಇನ್ನೊಂದು ತಾನಾಗಿಯೇ ಹರಿಯುವಂಥದ್ದು. ಮಳೆ ನೋಡುತ್ತಾ ನಿಂತಾಗ ಯಾರೂ ಹಲ್ಲು ಕಚ್ಚಿ ಗಮನ ಕೊಡುವುದಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ರೇಚಲ್ ಕಪ್ಲಾನ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ 1980ರ ದಶಕದಲ್ಲಿ ಇದನ್ನು ಮುಂದಕ್ಕೆ ಒಯ್ದು, ದಣಿಯುವುದು ಮೊದಲನೆಯದು, ಎರಡನೆಯದು ಕೆಲಸ ಮಾಡುತ್ತಿರುವಾಗ ಮೊದಲನೆಯದಕ್ಕೆ ಚೇತರಿಸಿಕೊಳ್ಳಲು ಎಡೆ ಸಿಗುತ್ತದೆ ಎಂದರು. ಬಿಡುವಿನಲ್ಲಿ ಏನು ಮಾಡಬೇಕು ಎಂದು ಕೇಳುವವರಿಗೆ ಈ ಅಂಕಣಕಾರ ಕೊಡುವ ಉತ್ತರ ಇಲ್ಲಿಂದಲೇ ಹುಟ್ಟಿದ್ದು: ಈ ಒಂದು ಗಂಟೆಯಲ್ಲಿ ದುಡಿದದ್ದು ಯಾವುದು ಎಂದು ಮೊದಲು ನೋಡಿಕೊಳ್ಳಲಿ, ಆಮೇಲೆ ಅದಕ್ಕೇ ರಜೆ ಕೊಡಲಿ. ಓದಿ ಓದಿ ಸುಸ್ತಾದವರು ಬಿಡುವಿನಲ್ಲಿ ಮತ್ತೆ ಓದಿದರೆ, ಅದು ಸುದ್ದಿಯಾಗಲಿ ಜೋಕಾಗಲಿ, ದುಡಿದ ಆಳನ್ನೇ ಮತ್ತೆ ಕೆಲಸಕ್ಕೆ ಕರೆದಂತೆ.

ಕಪ್ಲಾನ್ ದಂಪತಿಯ ಮಾತನ್ನು ಒರೆಗೆ ಹಚ್ಚಿದ ಒಂದು ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಮಾರ್ಕ್ ಬರ್ಮನ್ ಎಂಬ ಸಂಶೋಧಕ ತನ್ನ ಸಂಗಡಿಗರ ಜತೆ ಆ್ಯನ್ ಆರ್ಬರ್ ಊರಿನ ವಿದ್ಯಾರ್ಥಿಗಳನ್ನು ಸುಮಾರು 50 ನಿಮಿಷ ನಡೆಸಿದ. ಪ್ರತಿಯೊಬ್ಬರೂ ಒಂದು ಸಲ ಗಿಡಮರಗಳ ಸಸ್ಯೋದ್ಯಾನದಲ್ಲಿ ನಡೆದರು, ಇನ್ನೊಂದು ಸಲ ಪೇಟೆ ಬೀದಿಯಲ್ಲಿ. ನಡೆದದ್ದು ಅಷ್ಟೇ ದೂರ, ಅಷ್ಟೇ ಹೊತ್ತು. ಆಮೇಲೆ ಹೇಳಿದ ಅಂಕಿಗಳನ್ನು ಹಿಂದುಮುಂದಾಗಿ ಒಪ್ಪಿಸುವ ಪರೀಕ್ಷೆ. ಮರಗಳ ನಡುವೆ ನಡೆದು ಬಂದಾಗ ಅವರ ಅಂಕ ಸುಮಾರು ಶೇ 20ರಷ್ಟು ಏರಿತ್ತು, ಪೇಟೆ ಸುತ್ತಿ ಬಂದಾಗ ಹೇಳಿಕೊಳ್ಳುವಷ್ಟು ಏರಲಿಲ್ಲ. ಈ ಪ್ರಯೋಗದಲ್ಲಿ ತಮಾಷೆಯ ಸಂಗತಿ ಬೇರೆಯೇ ಇದೆ. ಕೆಲವರು ನಡೆದದ್ದು ಮಿಷಿಗನ್ನಿನ ಕೊರೆಯುವ ಜನವರಿ ಚಳಿಯಲ್ಲಿ. ಅವರಿಗೆ ಆ ನಡಿಗೆ ಒಂದಿಷ್ಟೂ ಖುಷಿ ಕೊಡಲಿಲ್ಲ. ಆದರೂ ಪ್ರಯೋಜನ ಕಂಡಿತು. ಮಜಾ ಬಂತೋ ಇಲ್ಲವೋ ಎಂಬುದಕ್ಕೂ ತಲೆ ಹಗುರಾಯಿತೋ ಇಲ್ಲವೋ ಎಂಬುದಕ್ಕೂ ಅಷ್ಟೊಂದು ನಂಟಿಲ್ಲ ಎಂದಾಯಿತು. ರೀಲ್ಸ್ ನೋಡುವಾಗ ಸಿಗುವ ಮಜಾ ನಿಜವೇ. ಕೆಲಸಕ್ಕೆ ಕೂತಾಗ ಅದು ನೆರವಿಗೆ ಬರುವುದಿಲ್ಲ, ಅಷ್ಟೇ.

ಪೇಟೆ ಬೀದಿ ಯಾಕೆ ಕೈಕೊಟ್ಟಿತು ಎಂದು ಬೆಂಗಳೂರಿನವರು ಕೇಳಬೇಕಿಲ್ಲ. ಐಟಿಪಿಎಲ್ ರಸ್ತೆಯಲ್ಲಿ ಊಟದ ನಂತರ ಒಂದು ಸುತ್ತು ಹೋಗಿಬರುವವರನ್ನು ನೋಡಿದರೆ ಸಾಕು. ಫುಟ್‌ಪಾತಿನ ಮೇಲೆ ಎದುರಿನಿಂದ ಬರುವ ಬೈಕು, ಕಿತ್ತುಹೋದ ಕಲ್ಲುಚಪ್ಪಡಿ, ತಲೆಗೆ ತಾಗುವ ಕೇಬಲ್ಲು; ಹೆಜ್ಜೆಹೆಜ್ಜೆಗೂ ಹಿಡಿದು ನಿಲ್ಲಿಸುವ ಗಮನವೇ ಬೇಕು. ಕಾಲಿಗೆ ಒಳ್ಳೆಯದು, ಇಲ್ಲವೆನ್ನಲಾಗದು. ಅದೇ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯಕ್ಕೆ ಬರುವ ಪರೀಕ್ಷಾರ್ಥಿಗಳ ಅದೃಷ್ಟ ನೋಡಿ, ಮೆಟ್ಟಿಲಿಳಿದರೆ ಮರ. ವಿಜಯನಗರದ ರೀಡಿಂಗ್ ರೂಮುಗಳಲ್ಲಿ ಓದುವ ಅವರ ಗೆಳೆಯರಿಗೆ ಆ ಭಾಗ್ಯವಿಲ್ಲ. ಅಲ್ಲಿ ಪ್ಲೈವುಡ್ ಅಡ್ಡಗೋಡೆಯ ಪುಟ್ಟ ಕ್ಯಾಬಿನ್ನು, ಮೇಲೊಂದು ಎಲ್‌ಇಡಿ ದೀಪ, ಹೊರಗೆ ಬಂದರೆ ಆಟೊ ಹಾರನ್ನು. ಹಾಗೆಂದು ಅವರು ಕೈಚೆಲ್ಲಬೇಕಿಲ್ಲ. ಮೆಲ್ಬರ್ನ್ ವಿಶ್ವವಿದ್ಯಾಲಯದ ಕೇಟ್ ಲೀ ಮತ್ತು ತಂಡ 2015ರಲ್ಲಿ 150 ವಿದ್ಯಾರ್ಥಿಗಳಿಗೆ ಬೇಸರದ ಕೆಲಸವೊಂದನ್ನು ಕೊಟ್ಟು ನಡುವೆ 40 ಸೆಕೆಂಡು ಮಾತ್ರ ಒಂದು ಚಿತ್ರ ತೋರಿಸಿತು. ಅರ್ಧದಷ್ಟು ಜನ ಹೂಬಿಟ್ಟ ಹಸಿರು ಚಾವಣಿ ನೋಡಿದರು, ಉಳಿದವರು ಬರಿಯ ಕಾಂಕ್ರೀಟ್ ಚಾವಣಿ. ಹಸಿರು ಕಂಡವರು ಆಮೇಲೆ ಮಾಡಿದ ತಪ್ಪು ಕಡಿಮೆ. ಟೆರೇಸಿಗೆ ಹೋಗಿ ಪಕ್ಕದ ಮನೆಯ ತೆಂಗಿನ ಗರಿ ಅಲ್ಲಾಡುವುದನ್ನು ನೋಡುತ್ತಾ ನಿಲ್ಲುವುದು ಸೋಮಾರಿತನ ಎಂದು ಬೈಯುವ ಅಪ್ಪಂದಿರು ಇದನ್ನು ಓದಲಿ.

ಇನ್ನು ಎಷ್ಟು ನಿಮಿಷಕ್ಕೆ ಎಷ್ಟು ನಿಮಿಷ ಎಂಬ ಪ್ರಶ್ನೆ. ಇದರ ಬಗ್ಗೆ ಸೂತ್ರಗಳಿಗೇನೂ ಬರವಿಲ್ಲ. ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ 1980ರ ದಶಕದ ಕೊನೆಯಲ್ಲಿ ಓದಲಾಗದೆ ಪರದಾಡುತ್ತಾ ಅಡುಗೆಮನೆಯ ಟೊಮೆಟೊ ಆಕಾರದ ಟೈಮರ್ ಎತ್ತಿಕೊಂಡ. 25 ನಿಮಿಷ ಕೆಲಸ, 5 ನಿಮಿಷ ಬಿಡುವು, ಇಂಥ ನಾಲ್ಕು ಸುತ್ತಿಗೊಂದು ದೊಡ್ಡ ಬಿಡುವು. ಪೊಮೊಡೊರೊ ಎಂದು ಲೋಕಪ್ರಸಿದ್ಧವಾದದ್ದು ಇದೇ. ಲಾಟ್ವಿಯಾದ ಡೆಸ್ಕ್‌ಟೈಮ್ ಎಂಬ ಸಮಯ ದಾಖಲಿಸುವ ಕಂಪನಿ 2014ರಲ್ಲಿ ತನ್ನ ಬಳಕೆದಾರರಲ್ಲಿ ಹೆಚ್ಚು ಕೆಲಸ ಮಾಡುವವರನ್ನು ಆರಿಸಿ, ಅವರ ಗುಟ್ಟು 52 ನಿಮಿಷ ಕೆಲಸ 17 ನಿಮಿಷ ಬಿಡುವು ಎಂದಿತು. ಅಂತರ್ಜಾಲದಲ್ಲಿ ಅದು ವೇದವಾಕ್ಯವಾಯಿತು. ಕೋವಿಡ್ ಬಂದು ಎಲ್ಲರೂ ಮನೆಯಿಂದ ಕೆಲಸ ಮಾಡತೊಡಗಿದ ಮೇಲೆ ಅದೇ ಕಂಪನಿ ಮತ್ತೆ ಲೆಕ್ಕ ಹಾಕಿದರೆ ಬಂದದ್ದು 112 ಮತ್ತು 26. ಷಿಕಾಗೊದ ನಿದ್ರಾವಿಜ್ಞಾನಿ ನಥಾನಿಯಲ್ ಕ್ಲೈಟ್‌ಮನ್ ಹೇಳಿದ 90 ನಿಮಿಷದ ಆವರ್ತವನ್ನು ನೆಚ್ಚಿಕೊಂಡವರೂ ಇದ್ದಾರೆ. ನಿದ್ದೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಅದು ಎಚ್ಚರದಲ್ಲಿ ಕಂಡಿಲ್ಲ. ಹೀಗೆ ಅಂಕಿಗಳು ಬದಲಾಗುತ್ತಲೇ ಇರುವುದಕ್ಕೆ ಕಾರಣ ಸರಳ. ಬೇರೆ ಬೇರೆ ಕೆಲಸ ಬೇರೆ ಬೇರೆ ವೇಗದಲ್ಲಿ ದಣಿಸುತ್ತದೆ.

ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ವಾಯುಪಡೆಗೆ ಇದು ಜೀವ ಹೋಗುವ ಪ್ರಶ್ನೆಯಾಗಿತ್ತು. ಸಮುದ್ರದ ಮೇಲೆ ಹಾರುತ್ತಾ ಜಲಾಂತರ್ಗಾಮಿಗಳನ್ನು ಹುಡುಕುವ ರೇಡಾರ್ ಸಿಬ್ಬಂದಿ ಪರದೆಯ ಮೇಲಿನ ಚುಕ್ಕಿಯನ್ನು ಗುರುತಿಸದೇ ಬಿಡುತ್ತಿದ್ದರು. ಕೇಂಬ್ರಿಜ್‌ನ ನಾರ್ಮನ್ ಮ್ಯಾಕ್‌ವರ್ತ್ ಒಂದು ಖಾಲಿ ಗಡಿಯಾರ ಮಾಡಿಸಿದ. ಅಂಕಿಗಳಿಲ್ಲದ ಮುಖ, ಒಂದೇ ಮುಳ್ಳು, ಸೆಕೆಂಡಿಗೊಂದು ಹೆಜ್ಜೆ. ಅಪರೂಪಕ್ಕೊಮ್ಮೆ ಮುಳ್ಳು ಎರಡು ಹೆಜ್ಜೆ ಹಾರುತ್ತದೆ, ಆಗ ಗುಂಡಿ ಒತ್ತಬೇಕು. ಎರಡು ಗಂಟೆ ಹೀಗೇ ನೋಡುತ್ತಾ ಕೂರಬೇಕು. ಓದುವಾಗಲೇ ಆಕಳಿಕೆ ಬರುವಂಥ ಈ ಕೆಲಸದಲ್ಲಿ ಮೊದಲ ಅರ್ಧ ಗಂಟೆ ಕಳೆಯುತ್ತಿದ್ದಂತೆ ಕಣ್ತಪ್ಪು ಏರಿತು. ಅರ್ಧ ಗಂಟೆ ನೋಡಿ ಅರ್ಧ ಗಂಟೆ ಬಿಟ್ಟವರಲ್ಲಿ ಏರಲಿಲ್ಲ. 1948ರಲ್ಲಿ ಪ್ರಕಟವಾದ ಈ ಕೆಲಸ, ಸಿಸಿಟಿವಿ ಕೊಠಡಿಗಳಲ್ಲಿ ಪಾಳಿಯಿಡೀ ಕೂರುವವರ ಮಟ್ಟಿಗೆ ಇವತ್ತಿಗೂ ತಾಜಾ.

ಅದಕ್ಕೆ ತದ್ವಿರುದ್ಧದ ಕತೆ ಷಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯದು. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ 1927ರಲ್ಲಿ ಟೆಲಿಫೋನ್ ರಿಲೇ ಜೋಡಿಸುವ ಐವರು ಹೆಣ್ಣುಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ ಬಿಡುವಿನ ಪ್ರಯೋಗ ಶುರುಮಾಡಿತು. ಮೊದಲು ದಿನಕ್ಕೆರಡು ಸಲ ಐದೈದು ನಿಮಿಷ, ಆಮೇಲೆ ಹತ್ತತ್ತು ನಿಮಿಷ. ಕೆಲಸ ಹೆಚ್ಚಿತು. ಹಾಗಾದರೆ ಇನ್ನಷ್ಟು ಕೊಡೋಣ ಎಂದು ದಿನಕ್ಕೆ ಆರು ಸಲ ಐದೈದು ನಿಮಿಷ ಕೊಟ್ಟರು. ಅವರು ಗೊಣಗಿದರು. ಕೈಗೆ ಲಯ ಸಿಗುವಷ್ಟರಲ್ಲಿ ನಿಲ್ಲಿಸಬೇಕಾಗುತ್ತದೆ, ಮತ್ತೆ ಹಿಡಿತ ಬರಲು ಹೊತ್ತು ಬೇಕು ಎಂಬುದು ಅವರ ದೂರು. ಕೆಲಸವೂ ತುಸು ಇಳಿಯಿತು. ಹಾಥಾರ್ನ್ ಪ್ರಯೋಗಗಳು ಮ್ಯಾನೇಜ್‌ಮೆಂಟ್ ಪಠ್ಯಗಳಲ್ಲಿ ಬೇರೆ ಕಾರಣಕ್ಕೆ ಪ್ರಸಿದ್ಧ, ಅವುಗಳ ತೀರ್ಮಾನಗಳ ಬಗ್ಗೆ ತಕರಾರುಗಳೂ ಬೇಕಾದಷ್ಟಿವೆ. ಆದರೆ ಆ ಗೊಣಗಾಟದಲ್ಲಿ ಬೆಲೆಯುಳ್ಳದ್ದು ಇದೆ. ಕೋಡ್ ಕೈಹಿಡಿದು ಓಡುತ್ತಿರುವಾಗ, ಬರವಣಿಗೆ ಹರಿಯುತ್ತಿರುವಾಗ ಟೊಮೆಟೊ ಕಿರುಚಿತು ಎಂದು ಏಳುವುದು ಮೂರ್ಖತನ. ಒಂದು ಫಂಕ್ಷನ್ ಮುಗಿಯಲಿ, ಒಂದು ಅಧ್ಯಾಯ ಮುಗಿಯಲಿ, ಲೆಡ್ಜರಿನ ಒಂದು ಪುಟ ತಾಳೆಯಾಗಲಿ. ಅದೇ ಸಾಲನ್ನು ಮೂರನೇ ಸಲ ಓದುತ್ತಿದ್ದೇನೆ ಎಂದು ಅರಿವಾದ ಗಳಿಗೆಯಂತೂ ಯಾವ ಟೈಮರಿಗಿಂತ ಖಚಿತವಾದ ಗಂಟೆ.

ಬಿಡುವಿನ ಉದ್ದದ ವಿಷಯದಲ್ಲಿ ಒಂದು ಮಾತನ್ನು ಮಾತ್ರ ನೆಚ್ಚಿಕೊಳ್ಳಬಹುದು. ರುಮೇನಿಯಾದ ತಿಮಿಶೋರಾದ ಸಂಶೋಧಕರು 2022ರಲ್ಲಿ ಹತ್ತು ನಿಮಿಷ ಮೀರದ ಕಿರುಬಿಡುವುಗಳ ಬಗ್ಗೆ ಅಲ್ಲಿಯವರೆಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದರು. ಕಿರುಬಿಡುವಿನಿಂದ ಲವಲವಿಕೆ ಹೆಚ್ಚುತ್ತದೆ, ಆಯಾಸ ತಗ್ಗುತ್ತದೆ. ಆದರೆ ತಲೆ ಹಿಂಡುವ ಕೆಲಸದ ಗುಣಮಟ್ಟ ಮರಳಲು ಹತ್ತು ನಿಮಿಷ ಸಾಲುತ್ತದೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಬಿಡುವು ಉದ್ದವಾದಷ್ಟೂ ಫಲ ಹೆಚ್ಚು. ಬೆಳಗಿನಿಂದ ಐದೈದು ನಿಮಿಷದ ಚಿಲ್ಲರೆ ಬಿಡುವುಗಳಲ್ಲೇ ಕಾಲ ಹಾಕಿ, ಮಧ್ಯಾಹ್ನದ ಊಟವನ್ನು ಕೀಬೋರ್ಡಿನ ಪಕ್ಕದಲ್ಲೇ ಮುಗಿಸುವವರಿಗೆ ಇದು ಒಳ್ಳೆಯ ಸುದ್ದಿಯಲ್ಲ.

ಬಿಡುವು ಕೆಲಸಕ್ಕೆ ಬಾರದಿರಲು ಇನ್ನೊಂದು ಕಾರಣ ಏಳುವ ರೀತಿಯಲ್ಲಿದೆ. ಸೋಫಿ ಲರ್ವಾ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ ಪ್ರಕಾರ, ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದವರ ಗಮನದ ಒಂದು ಪಾಲು ಹಳೆಯದರಲ್ಲೇ ಅಂಟಿಕೊಂಡಿರುತ್ತದೆ. ಬಗ್‌ ತಲೆಯಲ್ಲಿ ಕೊರೆಯುತ್ತಿರುವಾಗ ಕಾಫಿಗೆ ಎದ್ದುಹೋಗುವುದೆಂದರೆ ಎತ್ತಿನ ನೊಗ ಇಳಿಸದೆ ನೆರಳಿಗೆ ಕಟ್ಟಿದ ಹಾಗೆ. ಲರ್ವಾ ಮತ್ತು ಥೆರೆಸಾ ಗ್ಲೋಂಬ್ 2018ರಲ್ಲಿ ಇದಕ್ಕೊಂದು ಮದ್ದು ಪರೀಕ್ಷಿಸಿದರು, ಅದರ ಖರ್ಚು ಒಂದು ಚೀಟಿ ಮತ್ತು ಒಂದು ನಿಮಿಷ. ಏಳುವ ಮೊದಲು ಎಲ್ಲಿಗೆ ಬಂದಿದ್ದೇನೆ, ಮರಳಿದ ಕೂಡಲೇ ಮೊದಲು ಏನು ಮಾಡಬೇಕು ಎಂದು ಗೀಚಿಡುವುದು. ಹಾಗೆ ಬರೆದಿಟ್ಟವರಿಗೆ ಮುಂದಿನ ಕೆಲಸದಲ್ಲಿ ಮನಸ್ಸು ಹೆಚ್ಚು ನಿಂತಿತು. ಆಡಿಟ್ ಕಚೇರಿಯ ಹಳಬರು ಪುಸ್ತಕ ಮುಚ್ಚುವ ಮೊದಲು ಪೆನ್ಸಿಲಿನಲ್ಲಿ ಅಂಚಿಗೊಂದು ಗುರುತು ಹಾಕಿಟ್ಟು ಏಳುತ್ತಾರೆ. ಕೇಳಿದರೆ, ಇಲ್ಲದಿದ್ದರೆ ಮರೆತುಹೋಗುತ್ತೆ ಅಂತಾರೆ. ಮರೆಯುವುದಕ್ಕೆ ಧೈರ್ಯ ಬರುವುದೂ ಆ ಗುರುತಿನಿಂದಲೇ.

ದೇಹದ ಲೆಕ್ಕವೂ ಇದೇ ಜಾಡಿನದು. ಪರದೆ ನೋಡುವಾಗ ಕಣ್ಣು ಮಿಟುಕಿಸುವುದು ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಹತ್ತಿರದ್ದನ್ನೇ ನೋಡಲು ಕಣ್ಣೊಳಗಿನ ಸ್ನಾಯು ಬಿಗಿದುಕೊಂಡೇ ಇರುತ್ತದೆ. ನೇತ್ರತಜ್ಞರು ಹೇಳುವ 20-20-20 ನಿಯಮ, ಅಂದರೆ 20 ನಿಮಿಷಕ್ಕೊಮ್ಮೆ 20 ಅಡಿ ಆಚೆಗಿನ ವಸ್ತುವನ್ನು 20 ಸೆಕೆಂಡು ನೋಡುವುದು, ಆ ಬಿಗಿ ಸಡಿಲಿಸುವ ಉಪಾಯ. ಕೂತು ಮಾಡುವ ಕೆಲಸದವರಿಗೆ ಬಿಡುವೆಂದರೆ ಏಳುವುದು. ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಸೀರೆ ಬಿಚ್ಚಿ ತೋರಿಸುವ ಹೆಣ್ಣುಮಗಳಿಗೆ ಈ ಉಪದೇಶ ಕ್ರೂರ ಹಾಸ್ಯದಂತೆ ಕೇಳೀತು. ಆಕೆಗೆ ಬಿಡುವೆಂದರೆ ಕೂರುವುದು, ಅದಕ್ಕಾಗಿ ಕಾನೂನೇ ಬರಬೇಕಾಯಿತು: ಅಂಗಡಿ ನೌಕರರಿಗೆ ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕೊಟ್ಟವು.

ಬೈಟು ಕಾಫಿಯನ್ನು ಈ ಅಂಕಣಕಾರ ಮನಸಾರೆ ಮೆಚ್ಚುತ್ತಾನೆ. ದರ್ಶಿನಿಯ ಎತ್ತರದ ಟೇಬಲ್ಲಿಗೆ ಮೊಣಕೈ ಊರಿ, ಎರಡು ಪುಟ್ಟ ಲೋಟಗಳ ನಡುವೆ ನಡೆಯುವ ಹರಟೆಯಲ್ಲಿ ಬಿಡುವಿಗೆ ಬೇಕಾದ್ದೆಲ್ಲ ಇದೆ: ನಡಿಗೆ, ನಿಲ್ಲುವುದು, ಎದುರಿಗೆ ಮನುಷ್ಯನ ಮುಖ, ಎರಡು ಗುಟುಕಿಗೆ ಮುಗಿಯುವ ಶಿಸ್ತು. ಅಪಾಯ ಒಂದೇ. ಹರಟೆ ಅಪ್ರೈಸಲ್ ಕಡೆಗೆ ಹೊರಳಿದರೆ ಕಚೇರಿಯೇ ದರ್ಶಿನಿಗೆ ನಡೆದುಬಂದಂತಾಯಿತು. ಜರ್ಮನಿಯ ಸಬೈನ್ ಸೊನೆಂಟಾಗ್ ಮತ್ತು ಷಾರ್ಲಟ್ ಫ್ರಿಟ್ಸ್ 2007ರಲ್ಲಿ ದಣಿವಾರಿಸುವ ಅನುಭವಗಳನ್ನು ವಿಂಗಡಿಸಿದಾಗ ಮೊದಲ ಸ್ಥಾನದಲ್ಲಿಟ್ಟದ್ದು ಕೆಲಸದಿಂದ ಮನಸ್ಸು ಕಳಚಿಕೊಳ್ಳುವುದನ್ನು. ಕ್ರಿಕೆಟ್ಟು, ಸಿನಿಮಾ, ಮನೆ ಬಾಡಿಗೆ, ಯಾರದೋ ಮದುವೆ, ಯಾವುದೂ ಆದೀತು. ಬಾಸ್ ಬೇಡ.

ಊಟದ ನಂತರದ ತೂಕಡಿಕೆಗೆ ಜನ ಅನ್ನವನ್ನು ದೂರುತ್ತಾರೆ. ಅನ್ನದ್ದೊಂದೇ ತಪ್ಪಲ್ಲ, ಊಟ ಬಿಟ್ಟವರಲ್ಲೂ ಮಧ್ಯಾಹ್ನದ ಆ ಇಳಿತ ಕಾಣುತ್ತದೆ, ದೇಹದ ಗಡಿಯಾರವೇ ಹಾಗಿದೆ. ಹಳ್ಳಿಗಳಲ್ಲಿ ಜಗಲಿಯ ಮೇಲೆ ಟವೆಲ್ ಮುಖಕ್ಕೆ ಹೊದ್ದು ತೆಗೆಯುವ ಕೋಳಿನಿದ್ದೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಾರ್ಪೊರೇಟ್ ಬೆಂಗಳೂರಿನಲ್ಲಿ ಅದೇ ನಿದ್ದೆ ಸುದ್ದಿಯಾಯಿತು: ಹಾಸಿಗೆ ಮಾರುವ ವೇಕ್‌ಫಿಟ್ ಕಂಪನಿ 2022ರ ಮೇ ತಿಂಗಳಲ್ಲಿ ತನ್ನ ನೌಕರರಿಗೆ ಮಧ್ಯಾಹ್ನ 2ರಿಂದ 2.30ರವರೆಗೆ ನಿದ್ದೆಯ ಸಮಯ ಎಂದು ಘೋಷಿಸಿತು. ಹಾಸಿಗೆ ಕಂಪನಿಗೆ ಇದರಲ್ಲಿ ಪ್ರಚಾರದ ಲಾಭವೂ ಇತ್ತೆನ್ನಿ, ಆದರೂ ಲೆಕ್ಕ ಸರಿಯಾಗಿಯೇ ಇತ್ತು. ದೂರದ ವಿಮಾನಗಳ ಪೈಲಟ್‌ಗಳ ಮೇಲೆ ನಾಸಾ ನಡೆಸಿದ ಪ್ರಯೋಗದಲ್ಲಿ, ಹಾರಾಟದ ನಡುವೆ ಸರದಿಯ ಮೇಲೆ 40 ನಿಮಿಷದ ಅವಕಾಶ ಕೊಟ್ಟಾಗ ಅವರು ಸರಾಸರಿ 26 ನಿಮಿಷ ನಿದ್ದೆ ಮಾಡಿದರು, ಮಾಡದವರಿಗಿಂತ ಇಳಿಯುವ ಹೊತ್ತಿನಲ್ಲಿ ಹೆಚ್ಚು ಚುರುಕಾಗಿದ್ದರು. ಅದನ್ನು ಒಂದು ಗಂಟೆಗೆ ಎಳೆದರೆ ಗಾಢನಿದ್ದೆಯಿಂದ ಎದ್ದ ಮಂಕು ಕವಿಯುತ್ತದೆ, ಸಂಜೆಯ ಕೆಲಸ ಹಾಳು. ಅಲಾರಂ ಇಟ್ಟುಕೊಂಡು ಮಲಗುವುದಕ್ಕೆ ನಾಚಿಕೆ ಬೇಕಿಲ್ಲ. 1993ರಲ್ಲಿ ಆ್ಯಂಡರ್ಸ್ ಎರಿಕ್ಸನ್ ತಂಡ ಬರ್ಲಿನ್ನಿನ ಸಂಗೀತ ಶಾಲೆಯಲ್ಲಿ ಪಿಟೀಲು ಕಲಿಯುವವರ ದಿನಚರಿ ನೋಡಿದಾಗ, ಎಲ್ಲರಿಗಿಂತ ಚೆನ್ನಾಗಿ ನುಡಿಸುವವರು ಸಾಧಾರಣದವರಿಗಿಂತ ಮಧ್ಯಾಹ್ನ ಹೆಚ್ಚು ಮಲಗುವವರೂ ಆಗಿದ್ದರು. ಅಭ್ಯಾಸವನ್ನೂ ಅವರು ತುಂಡು ತುಂಡಾಗಿ, ನಡುವೆ ಬಿಡುವಿಟ್ಟು ಮಾಡುತ್ತಿದ್ದರು.

ಇಷ್ಟು ಹೇಳುವಾಗ ಒಂದು ಪ್ರಶ್ನೆ ಮೂಲೆಯಲ್ಲಿ ಕಾಯುತ್ತಿರುತ್ತದೆ. ಬಿಡುವು ಯಾರ ಕೈಯಲ್ಲಿದೆ? ಮನೆಯಿಂದಲೇ ಕೆಲಸ ಮಾಡುವ ಹೆಂಗಸರು ಬರೆಯುವುದು ಇದನ್ನೇ. ಒಂದು ಮೀಟಿಂಗ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ಕಾಲು ಗಂಟೆಯಲ್ಲಿ ಕುಕ್ಕರ್ ಇಡಬೇಕು, ಮಗಳ ಡಬ್ಬಿ ತೊಳೆಯಬೇಕು, ಅತ್ತೆಯ ಮಾತ್ರೆ ನೋಡಬೇಕು. ಕೈ ಆಡಿಸುವ ಕೆಲಸ ತಲೆಗೆ ಹಗುರ ಎಂಬುದು ನಿಜ. ಬೀನ್ಸ್ ಬಿಡಿಸುತ್ತಾ ಲೆಕ್ಕದ ಗಂಟು ಬಿಚ್ಚಿಕೊಂಡಿದ್ದು ಎಷ್ಟೋ ಜನರ ಅನುಭವ. ಆದರೆ ಅದು ತಾನಾಗಿ ಆರಿಸಿಕೊಂಡಾಗಿನ ಮಾತು. ಸೊನೆಂಟಾಗ್ ಪಟ್ಟಿಯಲ್ಲಿ ಕೊನೆಗೆ ಬರುವ ಅನುಭವವೂ ಅದೇ, ತನ್ನ ಹೊತ್ತಿನ ಮೇಲೆ ತನಗಿರುವ ಹಿಡಿತ. ಟೊರಾಂಟೊದ ಜಾನ್ ಟ್ರೌಗಾಕೊಸ್ 2014ರಲ್ಲಿ ಊಟದ ವಿರಾಮ ಅಧ್ಯಯನ ಮಾಡಿದಾಗಲೂ ಇದೇ ಬಂತು. ಸಹೋದ್ಯೋಗಿಗಳ ಜತೆ ಬೆರೆಯಲೇಬೇಕಾಗಿ ಬಂದವರಿಗೆ ಸಂಜೆ ಸುಸ್ತು ಹೆಚ್ಚು, ತಾವೇ ಇಷ್ಟಪಟ್ಟು ಬೆರೆತವರಿಗೆ ಕಡಿಮೆ. ಆಫೀಸಿನ ಕಡ್ಡಾಯ ಟೀಮ್ ಲಂಚುಗಳನ್ನು ಏರ್ಪಡಿಸುವವರು ಇದನ್ನು ಒಮ್ಮೆ ಗಮನಿಸಬಹುದು.

ಕಾನೂನು ಬಿಡುವನ್ನು ನೋಡುವುದು ಅಳತೆಯಾಗಿ. 1948ರ ಕಾರ್ಖಾನೆ ಕಾಯ್ದೆ ಐದು ಗಂಟೆ ಎಡೆಬಿಡದೆ ದುಡಿಸಬಾರದು, ಅಷ್ಟರೊಳಗೆ ಅರ್ಧ ಗಂಟೆಯಾದರೂ ವಿರಾಮ ಕೊಡಬೇಕು ಎಂದಿತ್ತು. 2023ರಲ್ಲಿ ಕರ್ನಾಟಕ ತಂದ ತಿದ್ದುಪಡಿ ಆ ಐದನ್ನು ಆರಕ್ಕೆ, ದಿನದ ದುಡಿಮೆಯನ್ನು ಹನ್ನೆರಡು ಗಂಟೆಗೆ ಹಿಗ್ಗಿಸಲು ದಾರಿ ಮಾಡಿತು. ಅದೇ ವರ್ಷ ಎನ್.ಆರ್. ನಾರಾಯಣಮೂರ್ತಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು, 2025ರ ಆರಂಭದಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥರ 90 ಗಂಟೆಯ ಮಾತು ಸುದ್ದಿಯಾಯಿತು. ಪ್ಯಾರಿಸ್ಸಿನ ಸಂಶೋಧಕರು 2022ರಲ್ಲಿ ಕಂಡದ್ದನ್ನು ಇದರ ಪಕ್ಕ ಇಡಬೇಕು: ಆರು ಗಂಟೆಗೂ ಮೀರಿ ಕಷ್ಟದ ಬೌದ್ಧಿಕ ಕೆಲಸ ಮಾಡಿದವರ ಮಿದುಳಿನ ಮುಂಭಾಗದಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಜಮೆಯಾಗಿತ್ತು, ಅವರ ಆಯ್ಕೆಗಳು ಕೂಡಲೇ ಸಿಗುವ ಲಾಭದ ಕಡೆಗೆ ವಾಲತೊಡಗಿದ್ದವು. ಸುಲಭದ ಕೆಲಸ ಮಾಡಿದವರಲ್ಲಿ ಹಾಗಾಗಿರಲಿಲ್ಲ.

ಬಿಡುವು ಸಿಗದವನ ಕತೆ ಕರ್ನಾಟಕದ ಹೈಕೋರ್ಟಿನ ತನಕವೂ ಹೋಗಿದೆ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದಲ್ಲಿ ಕಾನ್‌ಸ್ಟೆಬಲ್ ಆಗಿದ್ದವರೊಬ್ಬರು ಕೆಲಸದ ವೇಳೆ ನಿದ್ದೆ ಮಾಡುತ್ತಿರುವ ವಿಡಿಯೊ ಹರಿದಾಡಿ, 2024ರ ಜುಲೈನಲ್ಲಿ ಅವರು ಅಮಾನತಾದರು. ಸಿಬ್ಬಂದಿ ಕೊರತೆಯಿಂದಾಗಿ ಅವರು ಅರವತ್ತು ದಿನ ಬಿಡುವಿಲ್ಲದೆ ದಿನಕ್ಕೆರಡು ಪಾಳಿ, ಅಂದರೆ 16 ಗಂಟೆ ದುಡಿದಿದ್ದರು. 2025ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅಮಾನತನ್ನು ರದ್ದುಮಾಡಿದರು. ಒಂದೇ ಪಾಳಿ ಮಾಡುವವನು ಮಲಗಿದ್ದರೆ ಅದು ದುರ್ನಡತೆ, ಇಲ್ಲಿ ತಪ್ಪು ಎರಡು ಪಾಳಿ ದುಡಿಸಿದ ನಿಗಮದ್ದು ಎಂಬುದು ಆದೇಶದ ಸಾರ. ಅಮಾನತಿನ ಅವಧಿಯ ಸಂಬಳವನ್ನೂ ನಿಗಮವೇ ಕೊಡಬೇಕಾಯಿತು.